ಶಾಲಾ ವಯಸ್ಸಿನ ಮಕ್ಕಳಿಗೆ ತಪ್ಪಿಹೋದ ಲಸಿಕೆಗಳನ್ನು ಪೂರ್ಣಗೊಳಿಸುವ ಬಗೆ

ಶಾಲೆಗೆ ಹೋಗುವ ಎಷ್ಟೋ ಮಕ್ಕಳ ಲಸಿಕಾ ಕಾರ್ಡನ್ನು ಬಿಡಿಸಿ ನೋಡಿದರೆ, ಮೊದಲ ವರ್ಷದ ಚೌಕಗಳೆಲ್ಲ ದಿನಾಂಕಗಳಿಂದ ತುಂಬಿದ್ದು ಆಮೇಲಿನವು ಖಾಲಿ ಉಳಿದಿರುವುದು ಕಾಣುತ್ತದೆ. ವಾಸಸ್ಥಳ ಬದಲಾದದ್ದು, ಮಗುವಿಗೆ ಜ್ವರವಿತ್ತೆಂದು ಮುಂದಕ್ಕೆ ಹಾಕಿದ್ದು, ಹೋದ ದಿನ ಲಸಿಕೆಯೇ ಸಿಗದಿದ್ದುದು, ಹೀಗೆ ಕಾರಣಗಳು ಹಲವು. ಕೋವಿಡ್ ಕಾಲದಲ್ಲಂತೂ, ಯುನಿಸೆಫ್ ಲೆಕ್ಕದಂತೆ, 2019ರಿಂದ 2021ರವರೆಗೆ ಜಗತ್ತಿನಾದ್ಯಂತ 6.7 ಕೋಟಿ ಮಕ್ಕಳಿಗೆ ವಾಡಿಕೆಯ ಲಸಿಕೆಗಳು ಪೂರ್ತಿಯಾಗಿ ಇಲ್ಲವೇ ಭಾಗಶಃ ತಪ್ಪಿದವು. ಅಂದಿನ ಹಸುಗೂಸುಗಳು ಈಗ ಶಾಲೆಯಲ್ಲಿದ್ದಾರೆ. ತಪ್ಪಿದ್ದು ತಪ್ಪಿಹೋಯಿತೆಂದು ಕೈಬಿಡಬೇಕಾಗಿಲ್ಲ. ಎಲ್ಲವನ್ನೂ ಮತ್ತೆ ಮೊದಲಿನಿಂದ ಹಾಕಿಸಬೇಕಾದೀತೆಂಬ ಅಳುಕೂ ಬೇಡ.

ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸುವುದು ಈ ಕೆಲಸದ ಮೂಲ ನಿಯಮ. ಲಸಿಕೆಯ ಒಂದು ಡೋಸ್ ದೇಹದಲ್ಲಿ ರೋಗಾಣುವನ್ನು ನೆನಪಿಟ್ಟುಕೊಳ್ಳುವ ಸ್ಮರಣಕೋಶಗಳನ್ನು ಉಳಿಸಿಹೋಗುತ್ತದೆ, ಮತ್ತು ಆ ಕೋಶಗಳು ವರ್ಷಗಟ್ಟಲೆ ಬಾಳುವುದರಿಂದ ಮುಂದಿನ ಡೋಸ್ ಆರು ತಿಂಗಳು ತಡವಾದರೂ ಆರು ವರ್ಷ ತಡವಾದರೂ ಹಿಂದಿನದು ವ್ಯರ್ಥವಾಗುವುದಿಲ್ಲ. ಆದರೆ ತಡವಾದದ್ದನ್ನು ಸರಿದೂಗಿಸಲೆಂದು ಅವಸರ ಮಾಡುವಂತಿಲ್ಲ: ಹಿಂದಿನ ಡೋಸ್‌ನ ಪ್ರತಿಕ್ರಿಯೆ ಮಾಗುವ ಮುನ್ನವೇ ಮುಂದಿನದನ್ನು ಕೊಟ್ಟರೆ ಫಲ ಕುಗ್ಗುತ್ತದೆ. ಆದ್ದರಿಂದ ಎರಡು ಡೋಸ್‌ಗಳ ನಡುವೆ ಗರಿಷ್ಠ ಅಂತರದ ಚಿಂತೆ ಇಲ್ಲದಿದ್ದರೂ ಕನಿಷ್ಠ ಅಂತರವನ್ನು ಪಾಲಿಸಲೇಬೇಕು. ಹೆಚ್ಚಿನ ಲಸಿಕೆಗಳಿಗೆ ಅದು 4 ವಾರ.

ಮೊದಲ ಕೆಲಸ ದಾಖಲೆಗಳನ್ನು ಒಟ್ಟುಗೂಡಿಸುವುದು. ಕಾರ್ಡ್ ಕಳೆದುಹೋಗಿದ್ದರೆ ಲಸಿಕೆ ಹಾಕಿಸಿದ ಆಸ್ಪತ್ರೆ ಅಥವಾ ಆರೋಗ್ಯ ಕೇಂದ್ರದ ದಾಖಲೆ ಪುಸ್ತಕ, ಶಾಲೆಗೆ ಸೇರಿಸುವಾಗ ಕೊಟ್ಟ ಪ್ರತಿ, ಫೋನಿನಲ್ಲಿ ಎಂದೋ ತೆಗೆದಿಟ್ಟ ಚಿತ್ರ, ಇವೆಲ್ಲವನ್ನೂ ಹುಡುಕಿ ನೋಡಬೇಕು. ‘ಎಲ್ಲ ಹಾಕಿಸಿದ ನೆನಪಿದೆ’ ಎಂಬುದನ್ನು ವೈದ್ಯರು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದು ಪೋಷಕರ ಮೇಲಿನ ಅಪನಂಬಿಕೆಯಲ್ಲ; ದಿನಾಂಕವಿಲ್ಲದ ಡೋಸ್‌ನ ಅಂತರವನ್ನು ಎಣಿಸಲು ಬರುವುದಿಲ್ಲ, ಅಷ್ಟೇ. ಹಾಕಿಸಿದ್ದನ್ನೇ ಇನ್ನೊಮ್ಮೆ ಹಾಕಿಸಿದರೆ ಸಾಮಾನ್ಯವಾಗಿ ಹಾನಿಯಿಲ್ಲ. ಧನುರ್ವಾಯುವಿನ ಲಸಿಕೆಯಲ್ಲಿ ಮಾತ್ರ ಸ್ವಲ್ಪ ಎಚ್ಚರ ಅಗತ್ಯ, ಏಕೆಂದರೆ ಅದನ್ನು ಮೇಲಿಂದ ಮೇಲೆ ಪಡೆದರೆ ತೋಳು ವಿಪರೀತ ಊದಿಕೊಳ್ಳಬಹುದು. ಹಿಂದೆ ದಡಾರ ಬಂದಿತ್ತೆಂಬ ನೆನಪನ್ನು ನಂಬಿ ಆ ಲಸಿಕೆಯನ್ನು ಬಿಡುವುದೂ ಸರಿಯಲ್ಲ. ಮೈಮೇಲೆ ಗುಳ್ಳೆ ಏಳಿಸುವ ಎಷ್ಟೋ ಜ್ವರಗಳು ದಡಾರದಂತೆಯೇ ಕಾಣುತ್ತವೆ.

ಖಾಲಿ ಚೌಕಗಳನ್ನೆಲ್ಲ ತುಂಬಿಸಲೇಬೇಕೆಂದಿಲ್ಲ. ಹಸುಳೆಗಳ ತೀವ್ರ ಭೇದಿಯನ್ನು ತಡೆಯುವ ರೋಟಾವೈರಸ್ ಲಸಿಕೆಯ ವಯಸ್ಸು ಶಾಲೆಗೆ ಬರುವ ಹೊತ್ತಿಗೆ ದಾಟಿಹೋಗಿರುತ್ತದೆ. ನ್ಯುಮೋನಿಯಾ, ಮೆದುಳುಪೊರೆಯ ಉರಿಯೂತ ತರುವ ಬ್ಯಾಕ್ಟೀರಿಯಾಗಳನ್ನು ತಡೆಯುವ ಹಿಬ್ ಮತ್ತು ನ್ಯುಮೋಕಾಕಲ್ ಲಸಿಕೆಗಳು 5 ವರ್ಷ ದಾಟಿದ ಆರೋಗ್ಯವಂತ ಮಕ್ಕಳಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಉಳಿದವುಗಳಲ್ಲಿ ದಡಾರಕ್ಕೇ ಮೊದಲ ಸ್ಥಾನ ಕೊಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ರಕ್ಷಣೆಯಿಲ್ಲದ ಸಮುದಾಯದಲ್ಲಿ ದಡಾರದ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಸೋಂಕು ತಗಲಬಹುದು, ಮತ್ತು ಅದರ ವೈರಸ್ ರೋಗಿ ಕೋಣೆಯಿಂದ ಹೊರಟುಹೋದ ಮೇಲೂ 2 ಗಂಟೆಗಳವರೆಗೆ ಗಾಳಿಯಲ್ಲಿ ಉಳಿದಿರಬಲ್ಲದು. ಇಂಥ ರೋಗಕ್ಕೆ ತರಗತಿಗಿಂತ ಅನುಕೂಲವಾದ ಜಾಗ ಬೇರೆ ಬೇಕಿಲ್ಲ. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿಸಿ ಕೊಡುವ ಎಂಎಂಆರ್ ಅಥವಾ ದಡಾರ–ರುಬೆಲ್ಲಾ ಲಸಿಕೆಯ ಎರಡು ಡೋಸ್‌ಗಳನ್ನು 4 ವಾರಗಳ ಅಂತರದಲ್ಲಿ ಮುಗಿಸಬಹುದು.

ಗಂಟಲುಮಾರಿ, ಧನುರ್ವಾಯು ಮತ್ತು ನಾಯಿಕೆಮ್ಮಿನ ವಿಷಯದಲ್ಲಿ 7 ವರ್ಷ ಒಂದು ಗಡಿ. ಅದು ದಾಟಿದ ಮೇಲೆ ಹಸುಳೆಗಳಿಗೆ ಈ ಮೂರಕ್ಕೂ ಸೇರಿಸಿ ಕೊಡುವ ಡಿಪಿಟಿಯ ಬದಲು ಗಂಟಲುಮಾರಿಯ ಅಂಶ ಕಡಿಮೆಯಿರುವ ಟಿಡಿ (ನಾಯಿಕೆಮ್ಮಿನ ಅಂಶವಿಲ್ಲದ್ದು) ಅಥವಾ ಟಿಡ್ಯಾಪ್ (ಮೂರೂ ಇರುವುದು) ಕೊಡುತ್ತಾರೆ. ಒಂದೂ ಡೋಸ್ ಆಗದ ಮಗುವಿಗೆ ಮೊದಲೆರಡರ ನಡುವೆ ಕನಿಷ್ಠ 4 ವಾರ, ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಕನಿಷ್ಠ 6 ತಿಂಗಳು ಇರಬೇಕು. ಪೋಷಕರು ಹೆಚ್ಚಾಗಿ ಮರೆಯುವುದು ಈ ಮೂರನೆಯದನ್ನೇ. ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ತಡೆಯುವ ಲಸಿಕೆಗೆ ಮೂರು ಡೋಸ್‌ಗಳಿದ್ದು, ಎರಡನೆಯದು 4 ವಾರದ ನಂತರ, ಮೂರನೆಯದು ಎರಡನೆಯದರಿಂದ ಕನಿಷ್ಠ 8 ವಾರ ಹಾಗೂ ಮೊದಲನೆಯದರಿಂದ ಕನಿಷ್ಠ 16 ವಾರಗಳ ನಂತರ ಬರುತ್ತದೆ. ಪೋಲಿಯೊ ಹನಿಗಳನ್ನು ಮಾತ್ರ ಪಡೆದ ಮಕ್ಕಳಿಗೆ ಚುಚ್ಚುಮದ್ದಿನ ಪೋಲಿಯೊ ಲಸಿಕೆ ಬೇಕೇ ಎಂದು ತಪ್ಪದೆ ವಿಚಾರಿಸಿ. ಏಕೆಂದರೆ 2016ರ ಏಪ್ರಿಲ್‌ನಿಂದ ವಾಡಿಕೆಯ ಹನಿಗಳಲ್ಲಿ ಎರಡನೇ ಬಗೆಯ ಪೋಲಿಯೊ ವೈರಸ್‌ನ ಅಂಶವಿಲ್ಲ. ಚಿಕನ್‌ಪಾಕ್ಸ್ ಲಸಿಕೆ ನಿಮ್ಮ ವೇಳಾಪಟ್ಟಿಯಲ್ಲಿದ್ದರೆ ಅದಕ್ಕೂ ಎರಡು ಡೋಸ್‌ಗಳುಂಟು. ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಎಚ್‌ಪಿವಿ ಲಸಿಕೆಗೆ 9ರಿಂದ 14 ವರ್ಷ ಪ್ರಶಸ್ತ ಕಾಲ. ಅದಕ್ಕೆ 6 ತಿಂಗಳ ಅಂತರದ ಎರಡು ಡೋಸ್‌ಗಳ ರೂಢಿಯಿದ್ದು, ಈ ವಯಸ್ಸಿಗೆ ಒಂದೇ ಡೋಸ್ ಸಾಕೆಂಬ ಕ್ರಮವನ್ನೂ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿಕೊಂಡಿತು. ವೇಳಾಪಟ್ಟಿ ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ ಅಂತಿಮ ಪಟ್ಟಿಯನ್ನು ವೈದ್ಯರ ಜೊತೆ ಕುಳಿತೇ ಸಿದ್ಧಪಡಿಸಬೇಕು.

ಒಂದೇ ದಿನ ಮೂರು ನಾಲ್ಕು ಚುಚ್ಚುಮದ್ದುಗಳೆಂದರೆ ಯಾವ ತಾಯಿ ತಂದೆಗೂ ಕರುಳು ಚುರ್ರೆನ್ನುವುದು ಸಹಜ. ಆದರೆ ಬೇರೆ ಬೇರೆ ಜಾಗಗಳಲ್ಲಿ, ಒಂದೇ ತೋಳಾದರೆ ಕನಿಷ್ಠ 2.5 ಸೆಂಟಿಮೀಟರ್ ಬಿಟ್ಟು, ಹಲವು ಲಸಿಕೆಗಳನ್ನು ಒಟ್ಟಿಗೆ ಕೊಡುವುದು ಸುರಕ್ಷಿತ. ಭೇಟಿಗಳು ಹೆಚ್ಚಿದಷ್ಟೂ ಮತ್ತೆ ತಪ್ಪುವ ಸಂಭವವೇ ಹೆಚ್ಚು. ಎಂಎಂಆರ್ ಮತ್ತು ಚಿಕನ್‌ಪಾಕ್ಸ್ ದುರ್ಬಲಗೊಳಿಸಿದ ಜೀವಂತ ವೈರಸ್ ಇರುವ ಸಜೀವ ಲಸಿಕೆಗಳಾದ ಕಾರಣ ಅವೆರಡನ್ನೂ ಒಂದೇ ದಿನ ಕೊಡಿಸಬೇಕು, ಇಲ್ಲವಾದರೆ ನಡುವೆ 4 ವಾರ ಬಿಡಬೇಕು. ಕ್ಷಯದ ಚರ್ಮಪರೀಕ್ಷೆ ಮಾಡಿಸುವುದಿದ್ದರೆ ಅದನ್ನೂ ಎಂಎಂಆರ್ ಪಡೆದ ದಿನವೇ ಅಥವಾ 4 ವಾರಗಳ ನಂತರ ಮಾಡಿಸಬೇಕು.

ನೆಗಡಿ, ಸಣ್ಣ ಕೆಮ್ಮು, ಆ್ಯಂಟಿಬಯೊಟಿಕ್ ಸೇವನೆ, ಇವು ಲಸಿಕೆಯನ್ನು ಮುಂದೂಡಲು ಕಾರಣಗಳಲ್ಲ. ಮೊಟ್ಟೆಯ ಅಲರ್ಜಿಯಿರುವ ಮಗುವಿಗೂ ಎಂಎಂಆರ್ ಕೊಡಬಹುದು. ಆದರೆ ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿಯಾಗಿದ್ದರೆ, ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದರೆ, ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಕೊಡುತ್ತಿದ್ದರೆ, ರೋಗನಿರೋಧಕ ಶಕ್ತಿಯ ಕೊರತೆಯಿದ್ದರೆ ಅಥವಾ ಇತ್ತೀಚೆಗೆ ರಕ್ತ ಇಲ್ಲವೇ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೊಡಿಸಿದ್ದರೆ, ವೈದ್ಯರು ಕೇಳುವ ಮುನ್ನ ನೀವೇ ಹೇಳಬೇಕು.

ಲಸಿಕೆಯ ನಂತರ ಕನಿಷ್ಠ 15 ನಿಮಿಷ ಅಲ್ಲಿಯೇ ಕುಳಿತಿರಬೇಕು. ತೀವ್ರ ಅಲರ್ಜಿ ಬಹಳ ವಿರಳವಾದರೂ ಸಾಮಾನ್ಯವಾಗಿ ಆ ಹೊತ್ತಿನಲ್ಲೇ ಕಾಣಿಸಿಕೊಳ್ಳುತ್ತದೆ. ಹದಿಹರೆಯದವರಲ್ಲಿ ತಲೆಸುತ್ತಿ ಬೀಳುವುದೂ ಉಂಟು. ತೋಳು ನೋವು, ಮೈ ಬೆಚ್ಚಗಾಗುವುದು ಒಂದೆರಡು ದಿನಗಳಲ್ಲಿ ಇಳಿಯುತ್ತವೆ. ಎಂಎಂಆರ್‌ನ ಜ್ವರ ಮಾತ್ರ 7ರಿಂದ 12 ದಿನಗಳ ನಡುವೆ ಬರುವುದರಿಂದ, ಮೊದಲೇ ತಿಳಿದಿದ್ದರೆ ಗಾಬರಿಯಾಗುವುದಿಲ್ಲ. ಹೊರಡುವ ಮುನ್ನ ಅಂದಿನ ಡೋಸ್‌ಗಳನ್ನು ಕಾರ್ಡಿನಲ್ಲಿ ಬರೆಸಿಕೊಂಡು, ಮುಂದಿನ ದಿನಾಂಕವನ್ನೂ ಅಲ್ಲಿಯೇ ಗೊತ್ತುಮಾಡಿಕೊಂಡು, ಕಾರ್ಡಿನ ಚಿತ್ರವನ್ನು ಫೋನಿನಲ್ಲಿ ತೆಗೆದಿಡಿ.

ಈ ಪಟ್ಟಿ ಮುಗಿಯುವ ಮೊದಲೇ ಶಾಲೆಯಲ್ಲಿ ದಡಾರ ಕಾಣಿಸಿಕೊಂಡರೆ ಗೊತ್ತುಮಾಡಿದ ದಿನಾಂಕಕ್ಕಾಗಿ ಕಾಯಬೇಡಿ. ಸೋಂಕಿತರ ಸಂಪರ್ಕವಾದ 72 ಗಂಟೆಗಳೊಳಗೆ ಕೊಟ್ಟ ಲಸಿಕೆ ರೋಗವನ್ನು ತಡೆಯಬಲ್ಲದು ಇಲ್ಲವೇ ಅದರ ತೀವ್ರತೆಯನ್ನು ತಗ್ಗಿಸಬಲ್ಲದು. ಆದ್ದರಿಂದ ಸುದ್ದಿ ತಿಳಿದ ದಿನವೇ ಕಾರ್ಡಿನೊಂದಿಗೆ ವೈದ್ಯರನ್ನು ಕಾಣಿ.