ಹಳೇ ಇಂಕ್ ಪೆನ್ನು: ಆನ್‌ಲೈನ್‌ನಲ್ಲಿ ಮಾರುವವರನ್ನು ನಾನು ಹೇಗೆ ಅಳೆಯುತ್ತೇನೆ

ಹಳೇ ಇಂಕ್ ಪೆನ್ನುಗಳನ್ನು ಕೊಂಡು, ಬಿಚ್ಚಿ, ತೊಳೆದು, ಮತ್ತೆ ಬರೆಯುವ ಹಾಗೆ ಮಾಡುವುದು ನನಗೆ ಬಹಳ ಇಷ್ಟದ ಕೆಲಸ. ನಮ್ಮ ಮೈಸೂರಿನ ಅಂಗಡಿಗಳಲ್ಲಿ ಅಂಥ ಪೆನ್ನು ಸಿಗುವುದು ಕಡಿಮೆ. ನನ್ನ ಹತ್ತಿರ ಇರುವ ಪಾರ್ಕರ್, ಶೀಫರ್, ವಾಟರ್‌ಮನ್‌ಗಳಲ್ಲಿ ಹೆಚ್ಚಿನವು ಆನ್‌ಲೈನ್‌ನಲ್ಲೇ ಬಂದವು. ಇಲ್ಲಿ ಪೆನ್ನು ಕೈಗೆ ಬರುವ ಮೊದಲೇ ದುಡ್ಡು ಕೈಬಿಟ್ಟಿರುತ್ತದೆ. ಹಾಗಾಗಿ ಪೆನ್ನಿನ ಜತೆಗೆ ಮಾರುವವರನ್ನೂ ಓದಲು ಕಲಿಯಬೇಕಾಯಿತು.

ನಂಬಲಾಗದವರು ಅಂತ ನಾವು ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿಬಿಡುತ್ತೇವೆ. ನನ್ನ ಲೆಕ್ಕದಲ್ಲಿ ಅವರು ಮೂರು ಥರ. ಪೆನ್ನಿನ ಬಗ್ಗೆ ಏನೂ ಗೊತ್ತಿಲ್ಲದವರು, ಗೊತ್ತಿದ್ದೂ ಮುಚ್ಚಿಡುವವರು, ಪೆನ್ನೇ ಇಲ್ಲದವರು. ಮೂವರ ಜಾಹೀರಾತೂ ಮೇಲ್ನೋಟಕ್ಕೆ ಒಂದೇ. ಮಸುಕು ಫೋಟೊ, ಎರಡು ಸಾಲು ವಿವರ, ‘ರೇರ್ ವಿಂಟೇಜ್’ ಅನ್ನುವ ಮಾತು. ಆದರೆ ಮೊದಲನೆಯವರ ಹತ್ತಿರ ನಾನು ಖುಷಿಯಿಂದ ಕೊಳ್ಳುತ್ತೇನೆ. ನನ್ನ ಒಳ್ಳೇ ಪೆನ್ನುಗಳಲ್ಲಿ ಎಷ್ಟೋ ಅಂಥವರಿಂದಲೇ ಬಂದಿವೆ. ಹಾಗಾಗಿ ಎದುರಿಗಿರುವವರು ಯಾವ ಥರದವರು ಅಂತ ತಿಳಿಯುವುದೇ ಮೊದಲ ಕೆಲಸ. ಅದಕ್ಕೆ ಒಂದೆರಡು ಪ್ರಶ್ನೆ ಸಾಕು.

ಹುಬ್ಬಳ್ಳಿಯವರೊಬ್ಬರು ಕಂದು ಕೆಂಪು ಬಣ್ಣದ ಪಾರ್ಕರ್ ಪೆನ್ನೊಂದನ್ನು ಮಾರಾಟಕ್ಕೆ ಇಟ್ಟಿದ್ದರು. ಯಾವ ಮಾಡೆಲ್ ಅಂತ ಬರೆದಿರಲಿಲ್ಲ. ಫೋಟೊ ಒಂದೇ, ಅದೂ ಕ್ಯಾಪ್ ಮುಚ್ಚಿದ್ದು. ‘ಬರೆಯುತ್ತಾ?’ ಅಂತ ಕೇಳಿದೆ. ‘ಇದು ನಮ್ಮ ಅಜ್ಜಾರ ಪೆನ್ ರೀ ಸರ. ಬರೀತದೋ ಇಲ್ಲೋ ನನಗ ಗೊತ್ತಿಲ್ರಿ’ ಅಂದರು. ಈ ‘ಗೊತ್ತಿಲ್ರಿ’ ಕೇಳಿದರೆ ನನಗೆ ಅರ್ಧ ಧೈರ್ಯ ಬರುತ್ತದೆ. ಕ್ಯಾಪ್ ತೆಗೆದು, ಹಿಂದಿನ ಕೊಳವೆ ತಿರುಗಿಸಿ ಬಿಚ್ಚಿ ಒಂದು ಫೋಟೊ ಕಳಿಸಿ ಅಂದೆ. ಬಂದ ಫೋಟೊದಲ್ಲಿ ಒಳಗಿನ ಲೋಹದ ಕವಚ, ಅದರ ಮೇಲೆ ಕೆತ್ತಿದ ‘51’ ಚೆನ್ನಾಗಿ ಕಾಣುತ್ತಿತ್ತು. ಏರೋಮೆಟ್ರಿಕ್ ಪಾರ್ಕರ್ 51. ಒತ್ತಿ ಇಂಕು ತುಂಬುವ ಈ ವ್ಯವಸ್ಥೆ ಬಂದಿದ್ದು 1948ರಲ್ಲಿ. ಇಂಕು ನಿಲ್ಲುವ ಅದರ ಒಳಚೀಲ ರಬ್ಬರಿನದಲ್ಲ, ಪ್ಲಾಸ್ಟಿಕ್ಕಿನದು. ಎಷ್ಟೋ ಪೆನ್ನುಗಳಲ್ಲಿ ಅದು ಇವತ್ತಿಗೂ ಮೆತ್ತಗೆ, ಸರಿಯಾಗಿಯೇ ಇರುತ್ತದೆ.

ಆಮೇಲೆ ಒಂದು ಲೋಟ ನೀರು ತರಿಸಿದೆ. ನಿಬ್ಬನ್ನು ನೀರಲ್ಲಿ ಮುಳುಗಿಸಿ, ಕವಚದಲ್ಲಿರುವ ಪಟ್ಟಿಯನ್ನು ಮೆಲ್ಲಗೆ ಒತ್ತಿ ಬಿಡಿ, ಅದನ್ನು ವಿಡಿಯೊ ಮಾಡಿ ಅಂದೆ. ಒತ್ತಿದಾಗ ನೀರಲ್ಲಿ ಗುಳ್ಳೆ ಬಂತು. ನಾಲ್ಕೈದು ಸಲ ಒತ್ತಿ ಬಿಟ್ಟ ಮೇಲೆ ಪೆನ್ನನ್ನು ಹೊರಗೆ ತೆಗೆದು ಮತ್ತೆ ಒತ್ತಿದರು. ಹಳೇ ನೀಲಿ ಇಂಕು ಬೆರೆತ ನೀರು ಸೊರ್ರಂತ ಹೊರಗೆ ಬಂತು. ಚೀಲ ಜೀವಂತ ಇದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅದರ ಜತೆಗೇ ಇನ್ನೊಂದು ಮೆಸೇಜು. ‘ಕ್ಯಾಪಿನ ಮ್ಯಾಗ ಒಂದು ತಗ್ಗು ಬಿದ್ದೈತ್ರಿ, ಅದರ ಫೋಟೊನೂ ತಗದೀನಿ.’ ಅದನ್ನು ನಾನು ಕೇಳಿರಲಿಲ್ಲ. ಕೇಳದ ದೋಷವನ್ನು ತಾವಾಗಿ ತೋರಿಸಿದವರ ಹತ್ತಿರ ನಾನು ಚೌಕಾಸಿ ಕೂಡ ಜಾಸ್ತಿ ಮಾಡುವುದಿಲ್ಲ.

ಈ ನೀರಿನ ಪರೀಕ್ಷೆಯನ್ನು ಎಲ್ಲಾ ಪೆನ್ನಿಗೂ ಮಾಡಿಸಬಾರದು. ಪಕ್ಕದಲ್ಲಿ ಲಿವರ್, ಅಂದರೆ ಇಂಕು ತುಂಬಲು ಎತ್ತುವ ಸಣ್ಣ ಕಡ್ಡಿ, ಇರುವ ಪೆನ್ನಾದರೆ ಒಳಗಿನ ರಬ್ಬರ್ ಚೀಲ ಒಣಗಿ ಕಲ್ಲಾಗಿರುತ್ತದೆ. ಬಲವಂತವಾಗಿ ಎತ್ತಿದರೆ ಲಿವರೇ ಮುರಿಯುತ್ತದೆ. ಎಬೊನೈಟ್ ಅಂದರೆ ಗಟ್ಟಿ ಮಾಡಿದ ರಬ್ಬರ್, ಅದರ ಹಳೇ ಪೆನ್ನನ್ನು ನೀರಲ್ಲಿ ನೆನೆಸಿದರೆ ಕಪ್ಪು ಮೈ ಕಂದಾಗುತ್ತದೆ. ಅಂಥ ಪೆನ್ನಿದ್ದರೆ ‘ಏನೂ ಮಾಡಬೇಡಿ, ಹಾಗೇ ಕಳಿಸಿ’ ಅಂತಲೇ ಹೇಳುತ್ತೇನೆ. ಏನೂ ಗೊತ್ತಿಲ್ಲದವರು ಮಾರುವ ಪೆನ್ನಿನ ದೊಡ್ಡ ಗುಣವೇ ಅದು. ಅದರ ಮೇಲೆ ಯಾರೂ ಕೈಯಾಡಿಸಿರುವುದಿಲ್ಲ.

ಇನ್ನು ನಿಬ್ಬು. ಚಿನ್ನ ಮೆತ್ತಗಿನ ಲೋಹ, ಕಾಗದಕ್ಕೆ ಉಜ್ಜಿ ಸವೆಯುತ್ತದೆ. ಅದಕ್ಕೇ ತುದಿಯಲ್ಲಿ ಗಟ್ಟಿ ಲೋಹದ ಒಂದು ಗುಂಡು ಬೆಸೆದಿರುತ್ತಾರೆ, ಸಾಸಿವೆಗಿಂತ ಚಿಕ್ಕದು. ರೂಢಿಯಲ್ಲಿ ಅದನ್ನು ಇರಿಡಿಯಂ ಅನ್ನುತ್ತೇವೆ. ಅದು ಸವೆದು ಹೋಗಿದ್ದರೆ ಪೆನ್ನಿನ ಬೆಲೆ ನೆಲಕ್ಕೆ ಬಿತ್ತು ಅಂತಲೇ ತಿಳಿಯಿರಿ. ಹೊಸ ತುದಿ ಬೆಸೆಯುವವರು ಬೆರಳೆಣಿಕೆಯಷ್ಟು ಜನ. ಎಷ್ಟೋ ಸಲ ಅವರ ಕೂಲಿಯೇ ಪೆನ್ನಿಗಿಂತ ಜಾಸ್ತಿ ಆಗುತ್ತದೆ. ಮೇಲಿನಿಂದ ತೆಗೆದ ಫೋಟೊದಲ್ಲಿ ನಿಬ್ಬು ಫಳಫಳ ಹೊಳೆಯುತ್ತದೆ, ತುದಿ ಮಾತ್ರ ಗೊತ್ತಾಗುವುದಿಲ್ಲ. ಅದಕ್ಕೆ ನಾನು ಯಾವಾಗಲೂ ಕೇಳುವುದು ಪಕ್ಕದಿಂದ, ಕಿಟಕಿಯ ಬೆಳಕಿಗೆ ಹಿಡಿದು ತೆಗೆದ ಫೋಟೊ. ಗುಂಡು ಇದ್ದರೆ ಕೆಳಗಡೆ ಉಬ್ಬು ಕಾಣುತ್ತದೆ. ಇಲ್ಲದಿದ್ದರೆ ನಿಬ್ಬು ಚಪ್ಪಟೆಯಾಗಿ ಮುಗಿದುಹೋಗುತ್ತದೆ.

ಮುಚ್ಚಿಡುವವರು ಸಿಕ್ಕಿಬೀಳುವುದು ಇದೇ ಫೋಟೊದ ಹತ್ತಿರ. ಕೇಳಿದ್ದು ಪಕ್ಕದ ನೋಟ, ಬರುವುದು ಮತ್ತೊಂದು ಮೇಲಿನ ನೋಟ. ಇನ್ನೊಂದು ಸಲ ಕೇಳಿದರೆ ‘ಕ್ಯಾಮೆರಾ ಅಷ್ಟು ಹತ್ತಿರ ಫೋಕಸ್ ಆಗಲ್ಲ ಸರ್’. ಆದರೆ ಅದೇ ಕ್ಯಾಮೆರಾದಲ್ಲಿ ಕ್ಲಿಪ್ಪಿನ ಮೇಲಿನ ಸಣ್ಣ ಗೆರೆಗಳೂ ಸ್ಪಷ್ಟವಾಗಿ ಬಂದಿರುತ್ತವೆ. ಅಲ್ಲಿಗೆ ನಾನು ಮಾತು ನಿಲ್ಲಿಸುತ್ತೇನೆ.

ಈ ಎರಡನೇ ಥರದವರ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ದುಡ್ಡು ಹೋಗುವುದು ಒಂದು ಕಡೆ ಇರಲಿ, ಅವರ ಕೈಯಲ್ಲಿ ಪೆನ್ನುಗಳೇ ಹಾಳಾಗುತ್ತಿವೆ. ಅವರಿಗೆ ತುಂಬಾ ಇಷ್ಟವಾದ ಮಾತು ‘ಫುಲ್ಲಿ ರೆಸ್ಟೋರ್ಡ್’. ಹಾಗೆ ಬರೆದ ಒಂದು ಕಪ್ಪು ವಾಟರ್‌ಮನ್ 52 ನೋಡಿದ್ದೆ. ಎಬೊನೈಟ್ ಮೈ, ಲಿವರ್ ಪೆನ್ನು, ನೂರು ವರ್ಷದ ಆಸುಪಾಸಿನದು. ಫೋಟೊದಲ್ಲಿ ಕಾಡಿಗೆಗಪ್ಪು. ಅಷ್ಟು ಹಳೇ ಎಬೊನೈಟ್ ಬೆಳಕು ಕಂಡಿದ್ದರೆ ಸಾಮಾನ್ಯವಾಗಿ ಕಂದು ತಿರುಗಿರುತ್ತದೆ. ಕ್ಯಾಪಿನ ಒಳಗೆ ಅಡಗಿರುವ ಭಾಗ ಮಾತ್ರ ಕಪ್ಪಾಗಿ ಉಳಿದಿರುತ್ತದೆ. ಈ ಎರಡು ಬಣ್ಣದ ನಡುವಿನ ಗೆರೆ ಕಾಣಿಸಿದರೆ ನನಗೆ ಸಮಾಧಾನ. ಇಲ್ಲಿ ಆ ಗೆರೆ ಇರಲಿಲ್ಲ. ಮೈಮೇಲೆ ಕೆತ್ತಿದ ಕಂಪನಿಯ ಅಕ್ಷರಗಳೂ ಮಾಸಿದ್ದವು. ಕತ್ತಲ ಡ್ರಾಯರಿನಲ್ಲೇ ಉಳಿದ ಪೆನ್ನು ಕಪ್ಪಾಗಿಯೇ ಇರಬಹುದು, ಆದರೆ ಆಗ ಅಕ್ಷರಗಳೂ ಚೂಪಾಗಿರಬೇಕು ಅಲ್ವಾ? ಮೈ ಹೊಸದರಂತೆ, ಅಕ್ಷರ ಮಾತ್ರ ಹಳತು ಅಂದರೆ ಉಜ್ಜಿದ್ದಾರೆ, ಇಲ್ಲವೇ ಬಣ್ಣ ಹಚ್ಚಿದ್ದಾರೆ.

ಅದನ್ನು ಮಾರುತ್ತಿದ್ದವರಿಗೆ ಒಂದೇ ಪ್ರಶ್ನೆ ಕೇಳಿದೆ. ‘ಹೊಸ ಚೀಲವನ್ನು ಯಾವುದರಿಂದ ಅಂಟಿಸಿದ್ದೀರಿ?’ ಪೆನ್ನು ರಿಪೇರಿ ಬಲ್ಲವರು ಅರಗು ಅನ್ನುತ್ತಾರೆ, ಅಂದರೆ ಶೆಲ್ಯಾಕ್. ಅದು ಗಟ್ಟಿಯಾಗಿ ಹಿಡಿಯುತ್ತದೆ, ಹದವಾಗಿ ಬಿಸಿ ಕೊಟ್ಟರೆ ಬಿಡುತ್ತದೆ. ಮುಂದೆ ಚೀಲ ಬದಲಿಸುವವರು ಪೆನ್ನನ್ನು ಮುರಿಯದೆ ಬಿಚ್ಚಬಹುದು. ನನಗೆ ಬಂದ ಉತ್ತರ, ‘ಒಳ್ಳೇ ಗಮ್ ಹಾಕಿದ್ದೀವಿ ಸರ್, ಜನ್ಮದಲ್ಲಿ ಬಿಚ್ಚಲ್ಲ.’ ಫೆವಿಕ್ವಿಕ್ ಥರದ ಅಂಟು ಹಾಕಿದ ಪೆನ್ನನ್ನು ಮುಂದೊಂದು ದಿನ ಬಿಚ್ಚಲು ಹೋದರೆ ಮೈ ಸೀಳುತ್ತದೆ. ನಾನು ಕೊಳ್ಳಲಿಲ್ಲ. ಅಂದಿನಿಂದ ‘ರೆಸ್ಟೋರ್ಡ್’ ಅಂತ ಬರೆದ ಪ್ರತಿಯೊಬ್ಬರಿಗೂ ಈ ಪ್ರಶ್ನೆ ತಪ್ಪದೆ ಕೇಳುತ್ತೇನೆ. ಒಳ್ಳೇ ಕೆಲಸಗಾರರಿಗೆ ಈ ಪ್ರಶ್ನೆ ಇಷ್ಟ. ಯಾವ ಅಳತೆಯ ಚೀಲ, ನಿಬ್ಬಿಗೆ ಇಂಕು ಹರಿಸುವ ಫೀಡ್ ತೊಳೆದಿದ್ದು ಹೇಗೆ, ಅಂತ ಎರಡು ಪ್ಯಾರಾ ಬರೆದು ಕಳಿಸುತ್ತಾರೆ.

‘ಟೆಸ್ಟ್ ಮಾಡಿದೆ, ಬರೆಯುತ್ತದೆ’ ಅನ್ನುವುದನ್ನೂ ಬಿಡಿಸಿ ಕೇಳಬೇಕು. ಇಂಕಿನಲ್ಲಿ ಅದ್ದಿ ಬರೆದರೆ ಒಳಗೆ ಚೀಲವೇ ಇಲ್ಲದ ಪೆನ್ನೂ ನಾಲ್ಕು ಸಾಲು ಬರೆಯುತ್ತದೆ. ತುಂಬಿಸಿ ಬರೆದಿರಾ, ಅದ್ದಿ ಬರೆದಿರಾ ಅನ್ನುವುದು ಮುಖ್ಯ. 1941ರಿಂದ 1948ರವರೆಗಿನ ಪಾರ್ಕರ್ 51ಗಳಲ್ಲಿ ಇದನ್ನು ವಿಶೇಷವಾಗಿ ಕೇಳುತ್ತೇನೆ. ಅವು ವ್ಯಾಕ್ಯುಮ್ಯಾಟಿಕ್, ಅಂದರೆ ಏರೋಮೆಟ್ರಿಕ್‌ಗಿಂತ ಮೊದಲು ಇಂಕು ತುಂಬಲು ಇದ್ದ ವ್ಯವಸ್ಥೆಯವು, ಒಳಗೆ ರಬ್ಬರ್ ಪೊರೆ ಇರುತ್ತದೆ. ಬದಲಿಸದಿದ್ದರೆ ಇಷ್ಟು ಹೊತ್ತಿಗೆ ಅದು ಕೆಟ್ಟಿರುತ್ತದೆ ಅಂತಲೇ ಇಟ್ಟುಕೊಳ್ಳಬೇಕು.

ಈ ಇಸವಿಗಳು ಗೊತ್ತಿದ್ದರೆ ಇನ್ನೊಂದು ಅನುಕೂಲ. ‘ಮೊದಲ ವರ್ಷದ್ದು, 1941ರ 51’ ಅಂತ ಬರೆದು ಏರೋಮೆಟ್ರಿಕ್ ಪೆನ್ನಿನ ಫೋಟೊ ಹಾಕಿರುತ್ತಾರೆ. ಎರಡೂ ಒಟ್ಟಿಗೆ ನಿಜ ಆಗಲು ಸಾಧ್ಯವಿಲ್ಲ. ಅದನ್ನು ಮೆಲ್ಲಗೆ ಹೇಳಿ ನೋಡುತ್ತೇನೆ. ಗೊತ್ತಿಲ್ಲದೆ ಬರೆದವರು ‘ಹೌದಾ, ತಿದ್ದುತ್ತೀನಿ’ ಅಂತಾರೆ, ತಿದ್ದುತ್ತಾರೆ. ಇನ್ನು ಕೆಲವರು ತಮಗೆಷ್ಟು ವರ್ಷದ ಅನುಭವ ಇದೆ ಅಂತ ಹೇಳಲು ಶುರು ಮಾಡುತ್ತಾರೆ, ಜಾಹೀರಾತು ಹಾಗೇ ಇರುತ್ತದೆ. ಚಿನ್ನದ ನಿಬ್ಬಿನ ವಿಷಯವೂ ಅಷ್ಟೇ. ‘18 ಕೆ’ ಆದ ಮೇಲೆ ‘ಜಿಪಿ’ ಅಂತ ಕೆತ್ತಿದ್ದರೆ ಅದು ಚಿನ್ನದ ಲೇಪ. ‘ಇರಿಡಿಯಂ ಪಾಯಿಂಟ್ ಜರ್ಮನಿ’ ಅಂತ ಇದ್ದರೆ ಅಗ್ಗದ ಹೊಸ ಸ್ಟೀಲ್ ನಿಬ್ಬು ಅಂತ ತಿಳಿಯುತ್ತೇನೆ. ಹಳೇ ಮೈಗೆ ಅಂಥದ್ದನ್ನು ಸಿಕ್ಕಿಸಿ ‘ಒರಿಜಿನಲ್’ ಅಂತ ಮಾರುವುದು ಬೇಕಾದಷ್ಟಿದೆ. ಪಾರ್ಕರ್ 21 ಅನ್ನು 51 ಅಂತ ಸಾಗಿಸುವುದೂ ಇದೆ. 21 ಕೂಡ 1948ರದ್ದೇ, ಆದರೆ ಕಡಿಮೆ ಬೆಲೆಯದು, ಸ್ಟೀಲ್ ಜಾತಿಯ ನಿಬ್ಬು, ಪ್ಲಾಸ್ಟಿಕ್ ಬೇಗ ಬಿರುಕು ಬಿಡುತ್ತದೆ. ಹಿಂದಿನ ಕೊಳವೆ ಬಿಚ್ಚಿಸಿ ಒಳಗಿನ ಕೆತ್ತನೆ ನೋಡಿದರೆ ಅನುಮಾನ ಅಲ್ಲೇ ಮುಗಿಯುತ್ತದೆ.

ಪೆನ್ನೇ ಇಲ್ಲದವರನ್ನು ಹಿಡಿಯುವುದು ಸುಲಭ. ಒಂದು ಚೀಟಿಯಲ್ಲಿ ಇವತ್ತಿನ ತಾರೀಖು, ನನ್ನ ಹೆಸರು ಬರೆದು, ಕ್ಯಾಪ್ ತೆಗೆದ ಪೆನ್ನನ್ನು ಅದರ ಮೇಲೆ ಅಡ್ಡಲಾಗಿ ಇಟ್ಟು ಫೋಟೊ ಕಳಿಸಿ ಅನ್ನುತ್ತೇನೆ. ಪೆನ್ನಿದ್ದವರಿಗೆ ಎರಡು ನಿಮಿಷದ ಕೆಲಸ. ಇಲ್ಲದವರು ‘ಗೋಡೌನ್‌ನಲ್ಲಿದೆ’, ‘ಇನ್ನೊಬ್ಬರು ಕೇಳ್ತಿದ್ದಾರೆ, ಅಡ್ವಾನ್ಸ್ ಹಾಕಿ’ ಅನ್ನುತ್ತಾರೆ. ಅವರ ಫೋಟೊವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿದರೆ ಎಷ್ಟೋ ಸಲ ಯಾವುದೋ ದೇಶದ ಹಳೇ ಹರಾಜಿನಲ್ಲಿ ಅದೇ ಪೆನ್ನು, ಅದೇ ಮೇಜು ಸಿಗುತ್ತದೆ. ಒಬ್ಬರೇ ಹಾಕಿದ ಹತ್ತು ಪೆನ್ನುಗಳ ಹಿಂದೆ ಹತ್ತು ಥರದ ಮೇಜುಬಟ್ಟೆ ಇದ್ದರೂ ನಾನು ನಿಲ್ಲುತ್ತೇನೆ.

ಸ್ಟಾರ್‌ಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಪಾರ್ಸಲ್ ಬಂದ ದಿನವೇ ಜನ ‘ಬ್ಯೂಟಿಫುಲ್ ಪೆನ್’ ಅಂತ ಬರೆದು ಐದು ಸ್ಟಾರ್ ಕೊಟ್ಟುಬಿಡುತ್ತಾರೆ. ಆಗಿನ್ನೂ ಅದಕ್ಕೆ ಇಂಕು ತುಂಬಿರುವುದಿಲ್ಲ. ಸಂಗ್ರಹಕ್ಕೆ ಕೊಳ್ಳುವವರು ಎಷ್ಟೋ ಸಲ ತುಂಬುವುದೇ ಇಲ್ಲ. ನಾನು ಹುಡುಕುವುದು ನಡುವಿನ ಮಾತುಗಳನ್ನು. ‘ಲೀಕ್ ಇತ್ತು, ಹೇಳಿದೆ, ದುಡ್ಡು ವಾಪಸ್ ಕೊಟ್ಟರು’ ಅಂತ ಒಬ್ಬರು ಬರೆದಿದ್ದರೆ ಅದು ನೂರು ‘ಬ್ಯೂಟಿಫುಲ್’ಗಿಂತ ಹೆಚ್ಚು ಹೇಳುತ್ತದೆ. ಇನ್ನೊಂದು, ಆ ಸ್ಟಾರ್‌ಗಳು ಪೆನ್ನಿಗೇ ಬಂದವೋ ಮೊಬೈಲ್ ಕವರಿಗೆ ಬಂದವೋ ನೋಡಬೇಕು.

ದುಡ್ಡು ಕೊಡುವ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ‘ಹೊರಗೆ ಬನ್ನಿ, ಕಡಿಮೆ ಮಾಡ್ತೀನಿ’ ಅಂದವರ ಜತೆ ಮಾರಾಟದ ಸೈಟು ಬಿಟ್ಟು ಹೊರಗೆ ಹೋಗುವುದಿಲ್ಲ. ಈಬೇಯಲ್ಲಿ ಕೊಂಡರೆ, ಹೇಳಿದ ಹಾಗೆ ಇಲ್ಲ ಅಂತ ದೂರು ಕೊಡಲು ಪಾರ್ಸಲ್ ಬಂದಾಗಿನಿಂದ 30 ದಿನ ಇರುತ್ತದೆ. ಪೇಪಾಲ್‌ನಲ್ಲಿ ದುಡ್ಡು ಕೊಟ್ಟ ದಿನದಿಂದ 180 ದಿನ. ಆದರೆ ಭಾರತದ ಒಳಗಿನ ವ್ಯಾಪಾರಕ್ಕೆ ಪೇಪಾಲ್ 2021ರ ಏಪ್ರಿಲ್‌ನಿಂದ ಇಲ್ಲ. ಇಲ್ಲಿಯವರ ಹತ್ತಿರ ನೇರವಾಗಿ ಯುಪಿಐ ಮಾಡಿದರೆ ಹೋದ ದುಡ್ಡು ತರಿಸುವುದು ಬಹಳ ಕಷ್ಟ. ಅದಕ್ಕೇ ಗುರುತಿಲ್ಲದವರಾದರೆ ಮೊದಲು ವಿಡಿಯೊ ಕಾಲ್, ಆಮೇಲೆ ಹಣ. ‘ರೀಫಂಡ್ ಕೊಡ್ತೀನಿ, ಈ ಕ್ಯುಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಅಂದರೆ ಅಲ್ಲಿಗೇ ಕತ್ತರಿಸಿ. ಹಣ ಬರಲು ಪಿನ್ ಬೇಡ, ಹೋಗಲು ಮಾತ್ರ ಬೇಕು. ಮೋಸ ಆಗಿಯೇ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಸೈಬರ್ ಅಪರಾಧದ ಸಹಾಯವಾಣಿ ಅದು.

ಪಾರ್ಸಲ್ ಬಿಚ್ಚುವಾಗ ವಿಡಿಯೊ ಮಾಡುತ್ತೇನೆ, ಟೇಪು ಕತ್ತರಿಸುವುದರಿಂದ ಹಿಡಿದು ಪೆನ್ನು ಕೈಗೆ ಬರುವವರೆಗೆ, ಎಲ್ಲೂ ನಿಲ್ಲಿಸದೆ. ಮೊದಲು ನೋಡುವುದು ಕ್ಯಾಪಿನ ಬಾಯಿ. ಕೂದಲೆಳೆಯ ಬಿರುಕುಗಳು ಹೆಚ್ಚಾಗಿ ಅಲ್ಲೇ ಇರುತ್ತವೆ, ಫೋಟೊದಲ್ಲಿ ಕಾಣುವುದಿಲ್ಲ. ಒಳಗಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮೆಲ್ಲಗೆ ತಿರುಗಿಸಿದರೆ ಬೆಳಕಿನ ಗೆರೆಯಾಗಿ ಕಾಣಿಸುತ್ತವೆ. ಇಂಕು ಹಾಕಲು ಆತುರ ಪಡುವುದಿಲ್ಲ. ದೂರು ಕೊಡುವ ಅವಧಿ ಮುಗಿಯುವುದರೊಳಗೆ ಭೂತಗನ್ನಡಿ ಹಿಡಿದು ನಿಬ್ಬಿನಿಂದ ಹಿಂದಿನ ತುದಿಯವರೆಗೆ ನೋಡಿ ಮುಗಿಸುತ್ತೇನೆ.

ಬಿರುಕು ಕಂಡರೆ ಫೋಟೊ ತೆಗೆದು, ಬೈಯದೆ, ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸುತ್ತೇನೆ. ಇಂಗ್ಲೆಂಡಿನ ಒಬ್ಬ ಹಿರಿಯರು ಒಂದು ಶೀಫರ್ ಪೆನ್ನಿನ ಕ್ಯಾಪಿನ ಬಿರುಕಿಗೆ, ನಾನು ಏನೂ ಕೇಳುವ ಮೊದಲೇ, ಅರ್ಧ ದುಡ್ಡು ವಾಪಸ್ ಹಾಕಿ ‘ನನ್ನ ಕಣ್ಣಿಗೆ ಬೀಳಲಿಲ್ಲ, ಕ್ಷಮಿಸಿ’ ಅಂತ ಬರೆದರು. ಅವರ ಜಾಹೀರಾತುಗಳ ಫೋಟೊ ಇವತ್ತಿಗೂ ಮಸುಕೇ. ಆದರೂ ಅವರು ಏನಾದರೂ ಹಾಕಿದರೆ ನಾನು ಮೊದಲು ನೋಡುತ್ತೇನೆ. ಹೊಸದಾಗಿ ಪೆನ್ನು ಕೊಳ್ಳಲು ಶುರು ಮಾಡಿದ ಗೆಳೆಯರು ಕೇಳಿದರೆ ಅವರ ಹೆಸರನ್ನೇ ಮೊದಲು ಹೇಳುತ್ತೇನೆ.