ಗ್ರಾಹಕರು ಒಂದೇ ವಿಷಯ ಎರಡು ಸಲ ಹೇಳಬಾರದು: ವಿಮೆಯಲ್ಲಿ ಆ್ಯಪ್, ಬ್ರಾಂಚ್, ಏಜೆಂಟ್ ಜೋಡಿಸುವ ಬಗೆ

ಮನೆಯಲ್ಲಿ ನೀರಿನ ಪೈಪ್ ಒಡೆದು ಗೋಡೆ, ನೆಲ, ಬೀರು ಎಲ್ಲ ನೆನೆದಿವೆ. ವಿಮೆ ಮಾಡಿಸಿದವರು ಆ್ಯಪ್ ತೆರೆದು ಫೋಟೋ ಹಾಕಿ, ಏನಾಯಿತು ಅಂತ ಬರೆದು ಕಳಿಸುತ್ತಾರೆ. ಮೂರು ದಿನ ಉತ್ತರ ಇಲ್ಲ. ಕಾಲ್ ಸೆಂಟರ್‌ಗೆ ಫೋನ್ ಮಾಡಿದರೆ "ಪಾಲಿಸಿ ನಂಬರ್ ಹೇಳಿ, ಏನಾಗಿದೆ ಹೇಳಿ" ಅಂತ ಮೊದಲಿಂದ ಶುರು. ಬ್ರಾಂಚ್‌ಗೆ ಹೋದರೆ ಕೌಂಟರ್‌ನಲ್ಲಿ ಒಂದು ಫಾರಂ ಕೊಡುತ್ತಾರೆ, ಅದರಲ್ಲೂ ಅವೇ ಪ್ರಶ್ನೆಗಳು. ಕೊನೆಗೆ ನಷ್ಟ ಎಷ್ಟು ಅಂತ ಅಂದಾಜು ಮಾಡುವ ಸರ್ವೇಯರ್ ಮನೆಗೆ ಬಂದು ಕೇಳುವ ಮೊದಲ ಮಾತೂ ಅದೇ: "ಏನಾಯ್ತು?"

ಇಲ್ಲಿ ಆ್ಯಪ್ ಕೆಟ್ಟದಾಗಿಲ್ಲ, ಬ್ರಾಂಚ್ ಸಿಬ್ಬಂದಿಯೂ ಸೋಮಾರಿಗಳಲ್ಲ. ಒಬ್ಬರಿಗೆ ಗೊತ್ತಾದದ್ದು ಇನ್ನೊಬ್ಬರಿಗೆ ತಲುಪುತ್ತಿಲ್ಲ, ಅಷ್ಟೇ. ಆ್ಯಪ್‌ಗೆ ಒಂದು ತಂಡ, ಬ್ರಾಂಚ್‌ಗೆ ಇನ್ನೊಂದು ತಂಡ ಇರುತ್ತೆ. ಎರಡರ ನಡುವಿನ ದಾರಿ ಯಾರ ಜವಾಬ್ದಾರಿಯೂ ಅಲ್ಲ. ನನ್ನ ಪ್ರಕಾರ ಮೊದಲು ಸರಿಮಾಡಬೇಕಾದ್ದು ಆ ದಾರಿಯನ್ನೇ. ನೀವು ಬ್ರಾಂಚ್ ನೋಡಿಕೊಳ್ಳುವವರಾಗಿರಲಿ, ಆ್ಯಪ್ ಕಟ್ಟುವವರಾಗಿರಲಿ, ಏಜೆಂಟ್ ಆಗಿರಲಿ, ಕೆಲಸವನ್ನ ಎಲ್ಲಿಂದ ಹಿಡಿಯಬೇಕು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಈ ತೊಂದರೆಯೇ ಇರಲಿಲ್ಲ. ಲಂಡನ್ನಿನ ಪ್ರುಡೆನ್ಶಿಯಲ್ ಕಂಪನಿ 1854ರಲ್ಲಿ ಕಾರ್ಮಿಕರಿಗೆ ಸಣ್ಣ ಮೊತ್ತದ ಜೀವ ವಿಮೆ ಮಾರಲು ಶುರುಮಾಡಿತು. ಅದರ ಏಜೆಂಟರು ಮನೆಮನೆಗೆ ಹೋಗಿ ಪ್ರೀಮಿಯಂ ವಸೂಲಿ ಮಾಡುತ್ತಿದ್ದರು, ಹಾಗಾಗಿ ಆ ಮನೆಯ ಸಂಗತಿ ಅವರಿಗೆ ಗೊತ್ತಿರುತ್ತಿತ್ತು. ಆಮೇಲೆ ಕಾಲ ಬದಲಾಯಿತು. ಅಮೆರಿಕದ ಪ್ರೋಗ್ರೆಸಿವ್ ಅನ್ನುವ ವಿಮಾ ಕಂಪನಿ 1990ರ ದಶಕದಲ್ಲಿ ಅಪಘಾತ ಆದ ಜಾಗಕ್ಕೇ ಕ್ಲೇಮ್ ಸಿಬ್ಬಂದಿಯನ್ನು ಕಳಿಸತೊಡಗಿತು, ಅದೇ ದಶಕದಲ್ಲಿ ಇಂಟರ್ನೆಟ್ ಮೂಲಕ ವಾಹನ ವಿಮೆ ಮಾರುವುದಕ್ಕೂ ಇಳಿಯಿತು. ಲೆಮನೇಡ್ ಅನ್ನುವ ಕಂಪನಿ 2016ರ ಕೊನೆಯಲ್ಲಿ, ಮೈಮೇಲೆ ತೊಡುವ ಒಂದು ಕೋಟು ಕಳುವಾದ ಕ್ಲೇಮನ್ನು ಸಾಫ್ಟ್‌ವೇರ್ ಮೂರೇ ಸೆಕೆಂಡಲ್ಲಿ ಪಾಸ್ ಮಾಡಿ ಹಣ ಕೊಟ್ಟಿತು ಅಂತ ಹೇಳಿಕೊಂಡಿತು. ಕೋಟಿನ ಕ್ಲೇಮಿಗೆ ಮೂರು ಸೆಕೆಂಡ್ ಸರಿ. ಸುಟ್ಟುಹೋದ ಮನೆಗೆ, ತೀರಿಹೋದ ಗಂಡನ ಪಾಲಿಸಿಗೆ ಆ ವೇಗ ಯಾರೂ ಕೇಳಲ್ಲ. ಅಲ್ಲಿ ವಿಷಯ ಗೊತ್ತಿರುವ ಒಬ್ಬರು ಸಿಗಬೇಕು.

ಮೊದಲು ಒಂದು ಕ್ಲೇಮಿನ ಹಿಂದೆ ನಡೆಯಿರಿ

ಮಾರಾಟದಿಂದ ಶುರುಮಾಡಬೇಡಿ, ಕ್ಲೇಮಿನಿಂದ ಶುರುಮಾಡಿ. ವಿಮೆ ಕೊಂಡವರು ವರ್ಷಗಟ್ಟಲೆ ನಿಮ್ಮ ಮುಖ ನೋಡಿರುವುದಿಲ್ಲ, ಕ್ಲೇಮ್ ಬಂದಾಗಲೇ ಅವರಿಗೆ ನಿಜವಾಗಿ ನಿಮ್ಮ ಪರಿಚಯ ಆಗೋದು.

ಮುಗಿದಿರುವ ಒಂದು ಕ್ಲೇಮ್ ಫೈಲ್ ತಗೊಳ್ಳಿ, ಹೆಸರು ಅಳಿಸಿ. ಗೋಡೆ ಮೇಲೆ ದೊಡ್ಡ ಹಾಳೆ ಅಂಟಿಸಿ. ಮೇಲಿನ ಸಾಲಲ್ಲಿ ಗ್ರಾಹಕರು ಏನೇನು ಮಾಡಿದರು ಅಂತ ದಿನಾಂಕದ ಸಮೇತ ಬರೆಯಿರಿ. ಅದರ ಕೆಳಗೆ ಅವರ ಕಣ್ಣಿಗೆ ಬಿದ್ದದ್ದು: ಮೆಸೇಜ್, ಪತ್ರ, ಕೌಂಟರ್‌ನಲ್ಲಿದ್ದವರ ಮಾತು. ಈಗ ಒಂದು ಗೆರೆ ಎಳೆಯಿರಿ. ಗೆರೆಯ ಕೆಳಗೆ ಗ್ರಾಹಕರಿಗೆ ಕಾಣದ ಕೆಲಸ, ಅದಕ್ಕೂ ಕೆಳಗೆ ಆ ಕೆಲಸ ನಡೆದ ಸಾಫ್ಟ್‌ವೇರ್. ಲಿನ್ ಶೋಸ್ಟ್ಯಾಕ್ ಅನ್ನುವವರು 1984ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದು ಪರಿಚಯಿಸಿದ ಸರ್ವಿಸ್ ಬ್ಲೂಪ್ರಿಂಟ್ ಇದೇ. ಇವತ್ತಿಗೂ ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಹಾಳೆ ತುಂಬಿದ ಮೇಲೆ ಕೆಂಪು ಪೆನ್ ಹಿಡಿದು, ಗ್ರಾಹಕರು ಆ್ಯಪ್‌ನಿಂದ ಫೋನ್‌ಗೆ, ಫೋನ್‌ನಿಂದ ಕೌಂಟರ್‌ಗೆ, ಕೌಂಟರ್‌ನಿಂದ ಸರ್ವೇಯರ್ ಕೈಗೆ ದಾಟಿದ ಪ್ರತಿ ಜಾಗಕ್ಕೂ ಗುರುತು ಹಾಕಿ. ಪ್ರತಿ ಗುರುತಿನ ಹತ್ತಿರ ಮೂರೇ ಪ್ರಶ್ನೆ. ಅಲ್ಲಿಯವರೆಗೆ ಗ್ರಾಹಕರು ಏನೇನು ಕೊಟ್ಟಾಗಿತ್ತು? ಮುಂದಿನವರಿಗೆ ಅದು ಕಾಣಿಸುತ್ತಿತ್ತಾ? ಆಗ ಆ ಕ್ಲೇಮ್ ಯಾರ ಕೈಯಲ್ಲಿತ್ತು? ಮೂರನೆಯದಕ್ಕೆ ಉತ್ತರ ಸಿಗದ ಜಾಗಗಳಲ್ಲೇ ದಿನಗಳು ಕಳೆದುಹೋಗಿರುತ್ತವೆ. ಈ ಹಾಳೆ ಬರೆಯುವಾಗ ಕೌಂಟರ್‌ನಲ್ಲಿ ಕೂರುವವರು, ಫೋನ್ ಎತ್ತುವವರು ಕೋಣೆಯಲ್ಲಿ ಇರಲೇಬೇಕು. ಮ್ಯಾನೇಜರ್‌ಗಳು ಮಾತ್ರ ಕೂತು ಬರೆದರೆ ನಿಯಮದ ಪುಸ್ತಕದಲ್ಲಿ ಇರೋದಷ್ಟೇ ಹಾಳೆಗೆ ಬರುತ್ತೆ, ನಿಜವಾಗಿ ನಡೆದದ್ದು ಬರಲ್ಲ.

ಒಂದು ಕ್ಲೇಮ್, ಒಂದು ನಂಬರ್, ಒಂದೇ ಪುಟ

ಗ್ರಾಹಕರು ಎಲ್ಲಿಂದಲೇ ಶುರುಮಾಡಲಿ, ಮೊದಲ ಕ್ಷಣದಲ್ಲೇ ಒಂದು ನಂಬರ್ ಹುಟ್ಟಬೇಕು. ಆ್ಯಪ್‌ನಲ್ಲಿ ಅರ್ಧ ಬರೆದು ಬಿಟ್ಟರೂ ಆ ಅರ್ಧ ಉಳಿಯಬೇಕು, ನಾಳೆ ಅವರು ಫೋನ್ ಮಾಡಿದಾಗ "ನಿನ್ನೆ ಫೋಟೋ ಹಾಕಿದ್ದೀರಿ, ಬ್ಯಾಂಕ್ ವಿವರ ಒಂದು ಬಾಕಿ ಇದೆ" ಅಂತ ಹೇಳುವಷ್ಟು ಫೋನ್ ಎತ್ತಿದವರಿಗೆ ಕಾಣಬೇಕು.

ಸಿಬ್ಬಂದಿಯ ಪರದೆಯಲ್ಲಿ ನೂರು ಕಾಲಂ ಬೇಡ. ಕೊನೆಯ ಸಲ ಯಾವಾಗ, ಯಾರ ಜೊತೆ ಮಾತಾಯಿತು, ಆಗ ಏನು ಒಪ್ಪಿಕೊಂಡಿದ್ದೇವೆ, ಏನು ಬಾಕಿ, ಈಗ ಯಾರ ಹತ್ತಿರ ಇದೆ. ಇಷ್ಟು ಮೇಲ್ಗಡೆ ಇರಲಿ. ಉಳಿದದ್ದೆಲ್ಲ ಕೆಳಗೆ ಹೋಗಲಿ.

ಇಲ್ಲಿ ಬರುವ ಮೊದಲ ತಕರಾರು ನನಗೆ ಗೊತ್ತು: "ನಮ್ಮ ಪಾಲಿಸಿ ಸಿಸ್ಟಮ್ ತುಂಬ ಹಳೇದು, ಅದನ್ನ ಬದಲಾಯಿಸೋಕೆ ವರ್ಷಗಳು ಬೇಕು." ಹೌದು, ಎಷ್ಟೋ ವಿಮಾ ಕಂಪನಿಗಳ ಒಳಗೆ ಇವತ್ತಿಗೂ ಕೋಬಾಲ್ ಅನ್ನುವ ಹಳೇ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳು ಓಡುತ್ತಿವೆ. ಅದನ್ನು ಮುಟ್ಟಬೇಡಿ. ಅದರ ಮೇಲೆ ಕ್ಲೇಮಿನ ಟಿಪ್ಪಣಿ, ಫೋಟೋ, ಬಾಕಿ ಪಟ್ಟಿ ಇಟ್ಟುಕೊಳ್ಳುವ ತೆಳುವಾದ ಒಂದು ಪದರ ಕಟ್ಟಿ. ಪಾಲಿಸಿ ವಿವರವನ್ನು ಹಳೆಯದರಿಂದ ಓದಿಕೊಂಡರೆ ಸಾಕು. ಗ್ರಾಹಕರನ್ನು ಹೆಸರಿನಿಂದ ಹುಡುಕುವುದನ್ನು ಮಾತ್ರ ನಂಬಬೇಡಿ. ಒಂದೇ ಹೆಸರು ಮೂರು ಥರ ಬರೆದಿರುತ್ತಾರೆ, ಒಂದೇ ಫೋನ್ ನಂಬರ್ ಮನೆಯವರೆಲ್ಲ ಬಳಸುತ್ತಿರುತ್ತಾರೆ.

ಕಾಗದವನ್ನೂ ಇದಕ್ಕೆ ಸೇರಿಸಿಕೊಳ್ಳಬಹುದು. ಕ್ಯೂಆರ್ ಕೋಡ್ ಅನ್ನು 1994ರಲ್ಲಿ ಜಪಾನಿನ ಡೆನ್ಸೊ ವೇವ್‌ನವರು ಮಾಡಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡೋದಕ್ಕೆ. ಕ್ಲೇಮ್ ಪತ್ರದ ಮೂಲೆಯಲ್ಲೂ ಅದಕ್ಕೆ ಅಂಥದೇ ಕೆಲಸ ಇದೆ. ಮನೆಯವರು ಸ್ಕ್ಯಾನ್ ಮಾಡಿದರೆ ಅದೇ ಕ್ಲೇಮಿನ ಪುಟ, ಕೌಂಟರ್‌ನವರು ಸ್ಕ್ಯಾನ್ ಮಾಡಿದರೂ ಅದೇ ಪುಟ. ಕೋಡ್ ಒಳಗೆ ಹೆಸರು, ಕಾಯಿಲೆ, ಮೊತ್ತ ಏನೂ ಇಡಬೇಡಿ, ಬೇರೆಯವರು ಓದಿದರೆ ಅರ್ಥವಾಗದ ಒಂದು ನಂಬರ್ ಸಾಕು.

ಫೋನ್‌ಗೆ ಯಾವುದು, ಮನುಷ್ಯರಿಗೆ ಯಾವುದು

ಪದೇ ಪದೇ ಬರುವ, ಗೊಂದಲ ಇಲ್ಲದ ಕೆಲಸ ಫೋನ್‌ನಲ್ಲಿ ಮುಗಿಯಲಿ: ಪ್ರೀಮಿಯಂ ಕಟ್ಟೋದು, ವಿಳಾಸ ಬದಲಿಸೋದು, ರಸೀದಿ ಇಳಿಸಿಕೊಳ್ಳೋದು, ಕ್ಲೇಮ್ ಎಲ್ಲಿಗೆ ಬಂತು ಅಂತ ನೋಡೋದು. ಜೀವನದಲ್ಲಿ ಒಮ್ಮೆಯೋ ಎರಡು ಸಲವೋ ಬರುವ, ಮನಸ್ಸಿಗೆ ಭಾರವಾದ, ದೊಡ್ಡ ಮೊತ್ತದ ಕೆಲಸಕ್ಕೆ ಒಬ್ಬ ಮನುಷ್ಯ ಬೇಕು. ಸಾವಿನ ಕ್ಲೇಮ್, ತಿರಸ್ಕಾರ ಆದ ಕ್ಲೇಮ್, ಮೊತ್ತದ ಬಗ್ಗೆ ಜಗಳ ಇರುವ ಕ್ಲೇಮ್ ಇವೆಲ್ಲ ಹಾಗೆ. ಆದರೆ ಆಯ್ಕೆ ಗ್ರಾಹಕರದ್ದೇ ಇರಲಿ. ಆ್ಯಪ್‌ನಲ್ಲಿ ಫೋನ್ ನಂಬರ್ ಬಚ್ಚಿಡುವ ಚಾಳಿ ಬಿಡಬೇಕು. ಪ್ರತಿ ಪುಟದಲ್ಲೂ "ಸಿಬ್ಬಂದಿ ಜೊತೆ ಮಾತಾಡಿ" ಅನ್ನುವ ಬಟನ್ ಇರಲಿ, ಅದನ್ನು ಒತ್ತಿದಾಗ ಅವರು ಯಾವ ಪುಟದಲ್ಲಿ ಸಿಕ್ಕಿಕೊಂಡಿದ್ದರು ಅನ್ನೋದೂ ಜೊತೆಗೇ ಹೋಗಲಿ.

ಸಾವಿನ ಕ್ಲೇಮಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಎಲ್ಲ ಜೋಡಣೆಯೂ ಮುರಿದುಬೀಳೋದು ಅಲ್ಲೇ. ಗಂಡ ತೀರಿಹೋಗಿದ್ದಾರೆ. ಹೆಂಡತಿ ನಾಮಿನಿ. ಅವರು ಆ್ಯಪ್ ತೆರೆದರೆ ಅದು ಗಂಡನ ನಂಬರ್‌ಗೆ ಓಟಿಪಿ ಕಳಿಸುತ್ತೆ. ಆ ಫೋನ್ ಲಾಕ್ ಆಗಿದೆ, ಅದರ ಗುಟ್ಟು ಗೊತ್ತಿದ್ದವರು ಇಲ್ಲ. ಸರಿ ಅಂತ ಬ್ರಾಂಚ್‌ಗೆ ಹೋದರೆ "ಆ್ಯಪ್‌ನಲ್ಲೇ ಹಾಕಿ, ಬೇಗ ಆಗುತ್ತೆ" ಅನ್ನುತ್ತಾರೆ. ಅದೇ ವಾರ ಗಂಡನ ಹೆಸರಿಗೆ ಪ್ರೀಮಿಯಂ ಬಾಕಿ ಇದೆ ಅಂತ ಪತ್ರ ಬರುತ್ತೆ. ಇಂಥ ಪತ್ರ ಓದಿದ ಮನೆಯವರು ಆ ಕಂಪನಿಯನ್ನು ಮರೆಯಲ್ಲ, ಕ್ಷಮಿಸೋದೂ ಕಷ್ಟ.

ಇದನ್ನು ಸರಿಮಾಡೋದು ದೊಡ್ಡ ತಂತ್ರಜ್ಞಾನದ ಕೆಲಸವೇ ಅಲ್ಲ. ನಾಮಿನಿಗೆ ಬೇರೆಯದೇ ಬಾಗಿಲು ಇಡಿ, ತೀರಿಕೊಂಡವರ ಖಾತೆಗೆ ಲಾಗಿನ್ ಆಗದೆಯೇ ತಮ್ಮ ನಂಬರ್‌ನಿಂದ ಸಾವಿನ ಸುದ್ದಿ ತಿಳಿಸಿ ಮರಣ ಪ್ರಮಾಣಪತ್ರ ಕಳಿಸುವ ಹಾಗಿರಲಿ. ಸುದ್ದಿ ಬಂದ ತಕ್ಷಣ ಆ ಹೆಸರಿಗೆ ಹೋಗುವ ಎಲ್ಲ ಮೆಸೇಜ್, ರಿನ್ಯೂವಲ್ ನೋಟಿಸ್, ಹುಟ್ಟುಹಬ್ಬದ ಶುಭಾಶಯ ನಿಲ್ಲಲಿ. ಒಬ್ಬ ಸಿಬ್ಬಂದಿಯ ಹೆಸರು, ನೇರ ನಂಬರ್ ಕೊಡಿ, ಕೊನೆಯವರೆಗೂ ಅವರೇ ಮಾತಾಡಲಿ. ಒಂದೇ ಮನೆಯವರಿಗೆ ಆ ಕಂಪನಿಯಲ್ಲಿ ನಾಲ್ಕು ಪಾಲಿಸಿ ಇದ್ದರೆ ಪ್ರಮಾಣಪತ್ರ ಒಂದೇ ಸಲ ತಗೊಂಡು ನಾಲ್ಕಕ್ಕೂ ಹಚ್ಚಿ.

ಫೋಟೋ ಮತ್ತು ಸರ್ವೇಯರ್

ವಾಹನ, ಮನೆ ಕ್ಲೇಮ್‌ಗಳಲ್ಲಿ ಫೋನ್ ಕ್ಯಾಮೆರಾ ತುಂಬ ಉಪಕಾರಿ, ಆದರೆ "ಫೋಟೋ ಅಪ್‌ಲೋಡ್ ಮಾಡಿ" ಅಂತ ಸುಮ್ನೆ ಹೇಳಿದರೆ ಗಾಬರಿಯಲ್ಲಿರುವವರು ಏಟು ಬಿದ್ದ ಜಾಗದ ಹತ್ತಿರದ ಒಂದೇ ಫೋಟೋ ತೆಗೆದು ಕಳಿಸುತ್ತಾರೆ. ಹೆಜ್ಜೆ ಹೆಜ್ಜೆಯಾಗಿ ಕೇಳಿ. ಗಾಡಿ ಆದರೆ ನಾಲ್ಕು ಮೂಲೆಯಿಂದ ಪೂರ್ತಿ ಗಾಡಿ, ನಂಬರ್ ಪ್ಲೇಟ್, ಎಷ್ಟು ಓಡಿದೆ ಅಂತ ತೋರಿಸುವ ಮೀಟರ್, ಆಮೇಲೆ ಏಟಾದ ಜಾಗ ದೂರದಿಂದ ಒಂದು, ಹತ್ತಿರದಿಂದ ಒಂದು. ಮನೆ ಆದರೆ ಒರೆಸುವ ಮೊದಲು ಒಂದು ಸುತ್ತು ವಿಡಿಯೋ. ಹಾಳಾದ ಸಾಮಾನನ್ನು ನಾವು ಹೇಳುವವರೆಗೆ ಬಿಸಾಡಬೇಡಿ ಅಂತ ಅಲ್ಲೇ ಬರೆದಿರಲಿ. ಅಪಘಾತದ ಜಾಗದಲ್ಲಾದರೆ ಎಲ್ಲಕ್ಕಿಂತ ಮೊದಲ ಪ್ರಶ್ನೆ "ಯಾರಿಗಾದರೂ ಪೆಟ್ಟಾಗಿದೆಯಾ?" ಅಂತ ಇರಬೇಕು. ನೆಟ್‌ವರ್ಕ್ ಇಲ್ಲದ ಕಡೆ ಫೋಟೋ ಫೋನ್‌ನಲ್ಲೇ ಉಳಿದು, ಸಿಗ್ನಲ್ ಬಂದಾಗ ತಾನೇ ಹೋಗಬೇಕು.

ಸಣ್ಣ ಮೊತ್ತಕ್ಕೆ ಫೋಟೋ ಮೇಲೇ ಹಣ ಕೊಡಿ. ಎಷ್ಟು ಸಣ್ಣ ಅನ್ನೋದನ್ನ ನಿಮ್ಮ ಹಳೆಯ ಕ್ಲೇಮ್‌ಗಳ ಲೆಕ್ಕ ನೋಡಿ ನಿರ್ಧರಿಸಿ. ದೊಡ್ಡದಕ್ಕೆ ಸರ್ವೇಯರ್ ಹೋಗಲಿ, ಆದರೆ ಫೋಟೋ, ಗ್ರಾಹಕರು ಬರೆದದ್ದು ಎಲ್ಲ ನೋಡಿಕೊಂಡು ಹೋಗಲಿ. "ನಿಮ್ಮ ವಿಡಿಯೋ ನೋಡಿದೆ, ಅಡುಗೆಮನೆ ಗೋಡೆ ಹಿಂದೆಯೂ ನೀರು ಇಳಿದಿರಬಹುದು, ಅದನ್ನೊಂದು ನೋಡಬೇಕು" ಅಂತ ಮಾತು ಶುರುಮಾಡಿದರೆ ಸಾಕು, ಎದುರಿಗಿರುವವರ ಅರ್ಧ ಆತಂಕ ಇಳಿಯುತ್ತೆ.

ಕೌಂಟರ್‌ನಲ್ಲಿ

ಮಾನಿಟರ್ ಗ್ರಾಹಕರ ಕಡೆಗೆ ತಿರುಗಿಸಿ. ಅವರ ಫೋನ್‌ನಲ್ಲಿ ಕಾಣುವುದೂ ನಿಮ್ಮ ಪರದೆಯಲ್ಲಿ ಕಾಣುವುದೂ ಒಂದೇ ಅಂತ ಅವರ ಕಣ್ಣಿಗೆ ಬೀಳಲಿ. ಆ್ಯಪ್ ಬಳಸೋದು ಕಲಿಸಬೇಕಿದ್ದರೆ ಪಕ್ಕದಲ್ಲಿ ಕೂತು ಹೇಳಿಕೊಡಿ, ಫೋನ್ ಅವರ ಕೈಯಲ್ಲೇ ಇರಲಿ. ಸಿಬ್ಬಂದಿ ಗ್ರಾಹಕರ ಫೋನ್ ಇಸ್ಕೊಂಡು ತಾವೇ ಒತ್ತೋದು, ಓಟಿಪಿ ಜೋರಾಗಿ ಹೇಳಿಸೋದು ಬೇಡವೇ ಬೇಡ. ಇವತ್ತು ನಿಮ್ಮ ಕೌಂಟರ್‌ನಲ್ಲಿ ಓಟಿಪಿ ಹೇಳಿ ಅಭ್ಯಾಸವಾದವರು ನಾಳೆ ಫೋನ್‌ನಲ್ಲಿ ಕೇಳಿದ ಮೋಸಗಾರನಿಗೂ ಹೇಳುತ್ತಾರೆ. ಹೊರಡುವಾಗ ಕ್ಲೇಮ್ ನಂಬರ್, ಬಾಕಿ ಇರುವ ಕಾಗದ, ನಾವು ಯಾವ ದಿನದೊಳಗೆ ಏನು ಹೇಳುತ್ತೇವೆ ಅನ್ನೋದನ್ನ ದೊಡ್ಡ ಅಕ್ಷರದಲ್ಲಿ ಮುದ್ರಿಸಿದ ಚೀಟಿ ಕೊಡಿ. ಅದೇ ಮಾತು ಆ್ಯಪ್‌ನಲ್ಲೂ ಇರಲಿ, ಅಕ್ಷರ ಬದಲಾಗದೆ.

ಮೆಸೇಜ್‌ಗಳ ಭಾಷೆಯನ್ನೂ ತಿದ್ದಿ. "ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ" ಅಂದರೆ ಯಾರಿಗೂ ಏನೂ ಗೊತ್ತಾಗಲ್ಲ. "ಸರ್ವೇಯರ್ ವರದಿ ನಿನ್ನೆ ಬಂತು. ನೀವು ಏನೂ ಕಳಿಸಬೇಕಿಲ್ಲ. ಶುಕ್ರವಾರದೊಳಗೆ ಮೊತ್ತ ತಿಳಿಸುತ್ತೇವೆ" ಅಂತ ಬರೆಯಿರಿ. ಶುಕ್ರವಾರ ಆಗದಿದ್ದರೆ ಗುರುವಾರವೇ ಹೇಳಿ.

ಏಜೆಂಟರನ್ನು ಹೊರಗಿಟ್ಟರೆ ಇದು ನಡೆಯಲ್ಲ

ಏಜೆಂಟ್ ಎರಡು ಸಂಜೆ ಕೂತು ಪಾಲಿಸಿ ಬಗ್ಗೆ ವಿವರಿಸುತ್ತಾರೆ, ಗ್ರಾಹಕರು ಮನೆಗೆ ಹೋಗಿ ಆ್ಯಪ್‌ನಲ್ಲಿ ಕೊಳ್ಳುತ್ತಾರೆ, ಕಮಿಷನ್ ಇಲ್ಲ. ಹೀಗಾದರೆ ಆ ಏಜೆಂಟ್ ಮುಂದಿನವರಿಗೆ "ಆ್ಯಪ್ ಸಹವಾಸ ಬೇಡ, ನಾನೇ ಮಾಡಿಕೊಡ್ತೀನಿ" ಅನ್ನದೆ ಇನ್ನೇನು ಅಂತಾರೆ? ಕೊಂಡದ್ದು ಎಲ್ಲೇ ಆಗಲಿ, ಮಾತಾಡಿದವರಿಗೆ ಅವರ ಪಾಲು ಸಲ್ಲಬೇಕು. ತಮ್ಮ ಗ್ರಾಹಕರ ರಿನ್ಯೂವಲ್ ದಿನ, ಕ್ಲೇಮ್ ಎಲ್ಲಿದೆ ಅನ್ನೋದು ಅವರ ಫೋನ್‌ನಲ್ಲೂ ಕಾಣಬೇಕು. ಆರೋಗ್ಯದ ವಿವರ ಮಾತ್ರ ಗ್ರಾಹಕರು ಒಪ್ಪಿದರಷ್ಟೇ.

ಇದರ ಜೊತೆಗೇ ಬರುವ ಇನ್ನೊಂದು ವಿಷಯ ಯಂತ್ರದ ನಿರ್ಧಾರ. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಅನ್ನುವ ಮಾಹಿತಿ ರಕ್ಷಣೆಯ ಕಾನೂನು ಆರೋಗ್ಯದ ಮಾಹಿತಿಗೆ ವಿಶೇಷ ರಕ್ಷಣೆ ಕೊಟ್ಟಿದೆ. ಜನರ ಮೇಲೆ ದೊಡ್ಡ ಪರಿಣಾಮ ಬೀರುವ ನಿರ್ಧಾರವನ್ನು ಪೂರ್ತಿ ಯಂತ್ರವೇ ತಗೊಂಡಿದ್ದರೆ ಅದನ್ನು ಮನುಷ್ಯರು ನೋಡಬೇಕು ಅಂತ ಕೇಳುವ ಹಕ್ಕನ್ನೂ ಕೊಟ್ಟಿದೆ. ನಿಮ್ಮಲ್ಲಿ ಕಾನೂನು ಏನೇ ಇರಲಿ, "ಕೊಡುತ್ತೇವೆ" ಅಂತ ಸಾಫ್ಟ್‌ವೇರ್ ಹೇಳಬಹುದು, "ಕೊಡಲ್ಲ" ಅನ್ನೋದನ್ನ ಒಬ್ಬ ಮನುಷ್ಯ ಓದಿ, ಸಹಿ ಹಾಕಿ, ಕಾರಣ ಸಮೇತ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಏನನ್ನು ಅಳೆಯಬೇಕು

ಆ್ಯಪ್ ಎಷ್ಟು ಜನ ಇಳಿಸಿಕೊಂಡರು, ಬ್ರಾಂಚ್‌ಗೆ ಎಷ್ಟು ಜನ ಬಂದರು ಅಂತ ಬೇರೆ ಬೇರೆ ಎಣಿಸಿದರೆ ಎರಡು ತಂಡವೂ ಗ್ರಾಹಕರನ್ನು ತಮ್ಮ ಕಡೆ ಎಳೆದಾಡುತ್ತವೆ. ಕೊನೆಯ ಕಾಗದ ಕೈಸೇರಿದ ದಿನದಿಂದ ಹಣ ತಲುಪುವವರೆಗೆ ಎಷ್ಟು ದಿನ ಹಿಡಿಯಿತು ಅಂತ ನೋಡಿ. "ನನ್ನ ಕ್ಲೇಮ್ ಎಲ್ಲಿದೆ?" ಅಂತ ಬಂದ ಫೋನ್‌ಗಳನ್ನು ಎಣಿಸಿ. ಆ್ಯಪ್‌ನಲ್ಲಿ ಶುರುಮಾಡಿ ಮಧ್ಯೆ ಬಿಟ್ಟವರು ಯಾವ ಪುಟದಲ್ಲಿ ಬಿಟ್ಟರು ನೋಡಿ. ಕ್ಲೇಮ್ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಹೇಳಿದ್ದನ್ನೇ ಮತ್ತೆ ಹೇಳಬೇಕಾಯಿತಾ?

ಶುರು ಸಣ್ಣದಾಗಿರಲಿ. ಒಂದು ಬಗೆಯ ಕ್ಲೇಮ್, ಒಂದು ಬ್ರಾಂಚ್, ಆ ಬ್ರಾಂಚಿನ ಏಜೆಂಟರು. ಅದು ಸರಿಹೋಯಿತಾ ಅಂತ ತಿಳಿಯೋಕೆ ಕೌಂಟರ್‌ನ ಡ್ರಾಯರ್ ನೋಡಿ. ಸಿಬ್ಬಂದಿ ಇನ್ನೂ ತಮ್ಮದೇ ನೋಟ್‌ಬುಕ್‌ನಲ್ಲೋ ಎಕ್ಸೆಲ್ ಹಾಳೆಯಲ್ಲೋ ಕ್ಲೇಮ್ ನಂಬರ್, ಬಾಕಿ ಕಾಗದ ಬರೆದಿಟ್ಟುಕೊಳ್ಳುತ್ತಿದ್ದರೆ ನೀವು ಕಟ್ಟಿದ ಪುಟದಲ್ಲಿ ಅವರಿಗೆ ಬೇಕಾದ್ದು ಏನೋ ಇಲ್ಲ ಅಂತ ಅರ್ಥ. ಬೈಯಬೇಡಿ, ಆ ನೋಟ್‌ಬುಕ್ ಕೇಳಿ ಇಸ್ಕೊಂಡು ಅದರಲ್ಲಿರುವ ಕಾಲಂಗಳನ್ನು ಪರದೆಗೆ ತನ್ನಿ. ಅವರಾಗೇ ಬರೆಯೋದು ನಿಲ್ಲಿಸಿದ ಮೇಲೆ ಎರಡನೇ ಬಗೆಯ ಕ್ಲೇಮಿಗೆ ಕೈಹಾಕಿ.