ಎಡಕ್ಕೆ ತಳ್ಳುವ ಗೊರವಂಕಗಳು

ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯಲ್ಲಿರುವ ನಮ್ಮ ಮನೆಯ ಹಿತ್ತಲಿಗೆ ಬರುವ ಗೊರವಂಕಗಳು ತಿನಿಸು ತೆಗೆಯುವ ಬಗೆಯನ್ನು ಒಂದನ್ನೊಂದು ನೋಡಿ ಕಲಿಯುತ್ತವೆಯೇ ಎಂದು ತಿಳಿಯಲು, ಹೋದ ಬೇಸಿಗೆಯಲ್ಲಿ ಬಡಗಿಯೊಬ್ಬರಿಂದ ಜಾರುವ ಮುಚ್ಚಳದ ಸಣ್ಣ ಪೆಟ್ಟಿಗೆಯೊಂದನ್ನು ಮಾಡಿಸಿದೆ. ಮುಚ್ಚಳವನ್ನು ಎಡಕ್ಕೆ ಸರಿಸಿದರೂ ಬಲಕ್ಕೆ ಸರಿಸಿದರೂ ಒಳಗಿನ ನೆನೆಸಿದ ಶೇಂಗಾ ಚೂರು ಸಿಗುತ್ತಿತ್ತು. ಈ ಉಪಾಯ ನನ್ನದಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ವೈತಮ್ ಕಾಡಿನಲ್ಲಿ ಸಂಶೋಧಕಿ ಲೂಸಿ ಆಪ್ಲಿನ್ ಮತ್ತು ಸಂಗಡಿಗರು ಕೆಲವೇ ಚೇಕಡಿ ಹಕ್ಕಿಗಳಿಗೆ ಇಂಥ ಬಾಗಿಲನ್ನು ಒಂದು ಬದಿಗೆ ಸರಿಸಲು ಕಲಿಸಿ ಬಿಟ್ಟಾಗ, ಆ ಭಾಗದ ಉಳಿದ ಹಕ್ಕಿಗಳೂ ಹೆಚ್ಚಾಗಿ ಅದೇ ಬದಿಯನ್ನು ಹಿಡಿದವೆಂದು 2015ರಲ್ಲಿ ಪ್ರಕಟಿಸಿದ್ದರು.

ಅವರು ಹಕ್ಕಿಗಳಿಗೆ ಗುರುತಿನ ಎಲೆಕ್ಟ್ರಾನಿಕ್ ಬಿಲ್ಲೆ ತೊಡಿಸಿದ್ದರು. ನನಗಿದ್ದದ್ದು ಗರಿ ಉದುರಿ ಬೋಳಾದ ತಲೆ, ತುಂಡಾದ ಕಾಲ್ಬೆರಳು ಮುಂತಾದ ಗುರುತುಗಳಷ್ಟೇ. ಬೋಳುತಲೆಯದು ಆರನೆಯ ದಿನ ಕೊಕ್ಕಿನಿಂದ ಮುಚ್ಚಳವನ್ನು ಎಡಕ್ಕೆ ತಳ್ಳಿತು. ವಾರದೊಳಗೆ ಇನ್ನೂ ನಾಲ್ಕು ಹಕ್ಕಿಗಳು ತಿನ್ನತೊಡಗಿದವು. ನಾನು ಹಿಗ್ಗಿ ಎಲ್ಲವನ್ನೂ ‘ನೋಡಿ ಕಲಿತದ್ದು’ ಎಂದು ಬರೆದಿಟ್ಟೆ.

ಅದು ತಪ್ಪು ಲೆಕ್ಕ. ಮೊದಲ ಹಕ್ಕಿ ತಿಂದು ಹೋದ ಮೇಲೆ ಮುಚ್ಚಳ ತೆರೆದೇ ಇರುತ್ತಿದ್ದುದರಿಂದ, ಹಿಂದೆ ಬಂದವು ತೆರೆಯುವುದನ್ನು ಕಲಿಯದೆ, ಅಲ್ಲಿ ಶೇಂಗಾ ಇದೆಯೆಂಬುದನ್ನಷ್ಟೇ ಕಂಡುಕೊಂಡಿದ್ದವು. ಆ ಬಳಿಕ ಮುಚ್ಚಳದ ಎರಡೂ ತುದಿಗೆ ದಾರ ಕಟ್ಟಿ, ಅಡುಗೆಮನೆಯ ಕಿಟಕಿಯಿಂದಲೇ ಪ್ರತಿ ಸಲವೂ ಅದನ್ನು ನಡುವಿಗೆ ತರುವ ಏರ್ಪಾಡು ಮಾಡಿಕೊಂಡೆ. (ಈ ದಾರಗಳಿಂದ ನನ್ನ ಮನೆಯಾಕೆಯ ಒಗ್ಗರಣೆ ಎರಡು ಸಲ ಸೀದಿದೆ.) ಹೊಸ ಲೆಕ್ಕದಲ್ಲಿ ಆ ನಾಲ್ಕರಲ್ಲಿ ಮೂರು ಮಾತ್ರ ತಾವಾಗಿ ತೆರೆದವು, ಎರಡು ಎಡಕ್ಕೆ, ಕಾಲ್ಬೆರಳು ತುಂಡಾದದ್ದು ಬಲಕ್ಕೆ.

ಎಡಗಡೆ ಬೇವಿನ ಕೊಂಬೆಯಿದ್ದು, ಹಕ್ಕಿಗಳು ಅಲ್ಲಿಂದಲೇ ಇಳಿಯುತ್ತಿದ್ದುದರಿಂದ ಆ ಬದಿ ಬರೀ ಅನುಕೂಲದ್ದೂ ಆಗಿರಬಹುದಿತ್ತು. ಹಾಗಾಗಿ ಪೆಟ್ಟಿಗೆಯನ್ನು ಕಾಂಪೌಂಡಿನ ಮೇಲೆಯೇ ಕೊಂಬೆಯ ಆಚೆಗೆ ಸರಿಸಿ, ಕೊಂಬೆ ಬಲಕ್ಕೆ ಬರುವಂತೆ ಮಾಡಿದೆ. ಬೋಳುತಲೆಯದೂ ಅದರ ಜೊತೆಗಾರ ಹಕ್ಕಿಯೂ ಆಮೇಲೂ ಎಡಕ್ಕೇ ತಳ್ಳಿದವು. ಎಡಕ್ಕೆ ತಳ್ಳುತ್ತಿದ್ದ ಮತ್ತೊಂದು ಹಕ್ಕಿ ಎರಡು ದಿನ ತಡವರಿಸಿ ಬಲಕ್ಕೆ ತಿರುಗಿತು. ಇಷ್ಟು ಕಡಿಮೆ ಹಕ್ಕಿಗಳಿಂದ ನಾನು ಏನನ್ನೂ ಸಾಧಿಸಿ ತೋರಿಸಲಾರೆ. ಈ ಸಲ ಪೆಟ್ಟಿಗೆಯನ್ನು ಮಳೆಗಾಲ ಮುಗಿದ ಮೇಲೆ, ಮರಿಗಳು ತಾಯಿಹಕ್ಕಿಗಳೊಂದಿಗೆ ಬರುವ ಹೊತ್ತಿಗೆ ಇಡಬೇಕೆಂದಿದ್ದೇನೆ.